ಏಳನೇ ಕೋಶ

ಹತ್ತನೇ ಕ್ಲಾಸಿನಲ್ಲಿ ಒಂದು ಅಂಕದ ಪ್ರಶ್ನೆ:
ಕ್ರಿಯಾವರ್ಧಕ ಎಂದರೇನು?
ತಾನು ಬದಲಾಗದೆ
ಬದಲಾವಣೆಯ ವೇಗ ಹೆಚ್ಚಿಸುವ ವಸ್ತು
ಎಂದು ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆದು
ಅಂಕ ತಗೊಂಡವಳು ನಾನು.

ಈಗ ಶೆಫೀಲ್ಡಿನ ಆಟರ್‌ಕ್ಲಿಫ್‌ನಲ್ಲಿ
ಹಳೇ ಉಕ್ಕಿನ ಕಾರ್ಖಾನೆಯ ತಗಡಿನ ಮಾಡಿನ ಕೆಳಗೆ
ರಾತ್ರಿ ಎರಡೂ ಇಪ್ಪತ್ತಕ್ಕೆ
ಆ ಒಂದು ಅಂಕ ವಾಪಸು ಕೊಡುತ್ತಿದ್ದೇನೆ,
ಚೂರು ಚೂರಾಗಿ.

ಏಳನೇ ಕೋಶ. ನಾಲ್ಕು ಸಾವಿರದ ನೂರಾ ಹನ್ನೆರಡನೇ ಗಂಟೆ.
ಅಂಗೈಯಗಲ ಪೊರೆ. ಅದರ ಒಂದು ಮೈಗೆ ಇರಿಡಿಯಂ,
ಬಳಿದದ್ದೋ ಉಸಿರಲ್ಲಿ ಊದಿದ್ದೋ ಅನ್ನುವಷ್ಟು ತೆಳು.
ನೀರು ಬರುತ್ತದೆ, ಎರಡಾಗುತ್ತದೆ:
ಒಂದು ಕೊಳವೆಯಲ್ಲಿ ಹೈಡ್ರೋಜನ್,
ಇನ್ನೊಂದರಲ್ಲಿ ನಾವು ಉಸಿರಾಡುವುದು.
ಎಸರು ಕುದಿಗೆ ಬರುವ ಮುಂಚಿನ ಸದ್ದು, ಇಡೀ ರಾತ್ರಿ.

ಹಂಬರ್ ಅಳಿವೆಯಾಚೆ ಹೋದ ವರ್ಷ ಬೀಸಿದ ಗಾಳಿಯನ್ನು
ಅಂಕಿಯಾಗಿ ಹಿಡಿದಿಟ್ಟು
ಈ ವರ್ಷ ಇದಕ್ಕೆ ಉಣಿಸುತ್ತೇವೆ.
ಗಾಳಿ ಎದ್ದರೆ ಕರೆಂಟು. ಗಾಳಿ ಬಿದ್ದರೆ ಸುಮ್ಮನೆ.
ಬಿಡದೆ ದುಡಿದರೆ ಅಷ್ಟೇನೂ ಸವೆಯುವುದಿಲ್ಲ ಇದು;
ನಿಂತು, ಮತ್ತೆ ಹೊರಡುವಾಗ,
ಆ ಮೊದಲ ಕ್ಷಣದಲ್ಲಿ,
ಒಂದಿಷ್ಟು ಲೋಹ ಹಿಡಿತ ಬಿಡುತ್ತದೆ.
ನೂರು ಕೋಟಿ ಪಾಲು ನೀರಿಗೆ ಎರಡು ಪಾಲು, ಎನ್ನುತ್ತದೆ ಯಂತ್ರ.
ಬಣ್ಣವಿಲ್ಲ, ರುಚಿಯಿಲ್ಲ, ದೂರಿಲ್ಲ.
ವೋಲ್ಟೇಜು ಮಾತ್ರ, ಬೆಲ್ಲದ ರೇಟಿನ ಹಾಗೆ,
ನೋಡನೋಡುತ್ತ ಅಲ್ಲ, ನೋಡದಾಗ
ಕೂದಲೆಳೆ ಮೇಲೆ ಹೋಗಿರುತ್ತದೆ.

ಪಾಳಿಯಲ್ಲಿ ಜೊತೆಗಿರುವವಳು ಡೊರೀನ್ ಸ್ಟ್ಯಾನಿಫೋರ್ತ್.
ಅವಳಮ್ಮ ಇದೇ ಬೀದಿಯಲ್ಲಿ ಚಮಚ ಉಜ್ಜುತ್ತಿದ್ದಳಂತೆ,
ಮೈಗೆ ಕಂದು ಕಾಗದ ಸುತ್ತಿ, ದಾರ ಬಿಗಿದು,
ತಿರುಗುವ ಚಕ್ರಕ್ಕೆ ಬಾಗಿ, ಇಪ್ಪತ್ತೆಂಟು ವರ್ಷ.
ಒಮ್ಮೆ ಮನೆಗೆ ಕಳ್ಳ ನುಗ್ಗಿದಾಗ
ಪೊಲೀಸರು ಮನೆಯವರ ಬೆರಳಚ್ಚೂ ತೆಗೆದರು.
ಅಮ್ಮನ ಹೆಬ್ಬೆರಳು ಶಾಯಿಯಲ್ಲಿ
ಬರೀ ಒಂದು ಮಚ್ಚೆ. ಗೆರೆಯೇ ಇಲ್ಲ.
"ಕಳ್ಳತನಕ್ಕೆ ನೀನೇ ಸರಿ ಕಣಮ್ಮ" ಅಂದನಂತೆ ಒಬ್ಬ.
ಡೊರೀನ್ ನಗುತ್ತಾಳೆ.
ಆ ಚಮಚಗಳಲ್ಲಿ ಒಂದೂ ಅವರ ಮನೆಯಲ್ಲಿ ಇರಲಿಲ್ಲ.

ನಾನು ಕಲಾಯಿಯ ಬಗ್ಗೆ ಹೇಳಹೊರಟೆ.
ಮಾತು ಹೇಗೋ ಸಿಕ್ಕಿತು,
ನವಸಾಗರದ ಹೊಗೆ ಸಿಗಲಿಲ್ಲ.
ತವರ ಹುಣಸೆಹುಳಿಗೆ ಎಷ್ಟು ದಿನ ತಡೆಯುತ್ತದೆ?
ಚಿಕ್ಕಜ್ಜಿಯ ಲೆಕ್ಕ: ಎರಡು ದೀಪಾವಳಿ.
ಮೇಲಿನವರು ಕೇಳುವುದೂ ಅದನ್ನೇ,
ಇಪ್ಪತ್ತು ವರ್ಷ ಬಾಳೀತೇ? ಶುಕ್ರವಾರದೊಳಗೆ ತಿಳಿಸಿ.

ಆರನೆಯದನ್ನು ಹೋದ ತಿಂಗಳು ಬಿಚ್ಚಿದೆವು.
ಪೊರೆಯನ್ನು ಅಡ್ಡ ಕೊಯ್ದು ಮೈಕ್ರೋಸ್ಕೋಪಿಗೆ ಕೊಟ್ಟರೆ,
ಕರಗಿ ಹೋಯಿತೆಂದು ನಾನು ಖರ್ಚಿಗೆ ಬರೆದ ಇರಿಡಿಯಂನಲ್ಲಿ
ಎಷ್ಟೋ ಅಲ್ಲೇ ಇದೆ, ಪೊರೆಯ ನಡುವೆ,
ಬಿಳಿ ಚುಕ್ಕಿಗಳ ಸಾಲು.
ಕೆಲಸಕ್ಕೂ ಬಾರದೆ, ಹೊರಗೂ ಹೋಗದೆ,
ದಾಟಲು ಇಳಿದು ಹೊಳೆಯ ನಡುವೆ ನಿಂತವರ ಹಾಗೆ.
ಡೊರೀನ್ ಬಹಳ ಹೊತ್ತು ನೋಡಿದಳು.
"ಅಮ್ಮನ ಎದೆಯ ಎಕ್ಸ್-ರೇ" ಎಂದಳು.
ನಾನು ಚಿತ್ರಕ್ಕೆ ನಂಬರು ಕೊಟ್ಟೆ.

ಐದಕ್ಕೆ ಗಾಳಿ ಬಿತ್ತು, ಹೋದ ವರ್ಷದ ಗಾಳಿ.
ಕೋಶ ತಣ್ಣಗಾಯಿತು.
ಮತ್ತೆ ಯಾವಾಗ ಏಳಬೇಕೆಂದು ನನಗೆ ಗೊತ್ತು, ನಿಮಿಷದ ಸಮೇತ.
ಅದಕ್ಕೆ ಗೊತ್ತಿಲ್ಲ.
ತಡೆಯಬಹುದು, ಗುಂಡಿ ಇಲ್ಲೇ ಇದೆ;
ತಡೆದರೆ ಅದು ಪರೀಕ್ಷೆಯಲ್ಲ.
ಡೊರೀನ್ ಚಹಾ ತಂದಳು,
ಸಕ್ಕರೆಯನ್ನು ಕಟ್ಟಿಗೆ ಕಡ್ಡಿಯಲ್ಲಿ ಕಲಕುತ್ತ.
ಇಬ್ಬರೂ ಕೊಳವೆಯನ್ನೇ ನೋಡುತ್ತ ನಿಂತೆವು.

ಐದೂ ಹದಿನಾಲ್ಕು.
ಒಂದು ಗುಳ್ಳೆ.