ಎರಡೇ ಸುತ್ತು

ಖುತೇಜಾಬಿಗೆ ಇಕ್ಕಳವಿಲ್ಲ, ಭೂತಗನ್ನಡಿಯಿಲ್ಲ.
ಎಡಗೈಯ ಹೆಬ್ಬೆರಳು, ತೋರುಬೆರಳು,
ನಡುವೆ ಅಕ್ಕಿಕಾಳಿನಷ್ಟು ಗಾಳ.
ಅಪ್ಪನೂ ಹೀಗೇ ಕಟ್ಟುತ್ತಿದ್ದನಂತೆ.
"ಬೆರಳ ಅವಲ್ಲ, ಮತ್ತ ಕಬ್ಬಿಣಾ ಯಾಕ?"

ಎಳೆ ಹಳೆಯ ಸೀರೆಯ ರೇಷ್ಮೆ ಸೆರಗಿನದು,
ನಿಂಬೆಹಣ್ಣಿನ ಬಣ್ಣ.
ಜೇನುಮೇಣದ ಉಂಡೆಯ ಮೇಲೆ ಮೂರು ಸಲ ಎಳೆದರೆ
ತುಸು ಮಂಕಾಗಿ, ಜಾರುವುದನ್ನು ಬಿಡುತ್ತದೆ.

ಗರಿ ಕವುಜುಗದ್ದು, ಕುತ್ತಿಗೆಯ ಹಿಂದಿನದು.
ಹುಮನಾಬಾದಿನ ಕಡೆ ಬೇಲಿಸಾಲಲ್ಲಿ ಉದುರಿದ್ದನ್ನು
ಕುರಿ ಕಾಯುವ ಹುಡುಗರು
ಬೀಡಿಕಟ್ಟಿನ ಕಾಗದದಲ್ಲಿ ತಂದುಕೊಡುತ್ತಾರೆ.
ಕೋಳಿಯದು ಬೇಡ.
"ಕೋಳಿ ಗರಿ ಸೆಟದು ನಿಂದರ್ತದ, ಜಂಬದ್ದು.
ಇದು ಮೆತ್ತಗ. ನೀರ ಹೇಳಿದಂಗ ಕೇಳ್ತದ."

ಎರಡೇ ಸುತ್ತು.
ಹತ್ತು ವರ್ಷದವಳು ನಾನು, ಚೆಲುವಾಗಲಿ ಎಂದು
ಮೂರನೆಯದು ಸುತ್ತಿದ್ದೆ.
ಬಿಚ್ಚಿಸಿದಳು. "ಕಸಬರಗಿ ಕಟ್ಲತ್ತೀ ಏನ?"

ಯಾವ ಮೀನಿಗೆ ಇದು?
ಟ್ರೌಟು. ಊಟಿಯ ತಣ್ಣನೆ ಹಳ್ಳಗಳಲ್ಲಿ ಇದೆಯಂತೆ,
ಗಾಳ ಕೊಳ್ಳುವ ಹೈದರಾಬಾದಿನ ಅಂಗಡಿಯವ
ಅಪ್ಪನಿಗೆ ಹೇಳಿದ್ದು.
ಅಂಗಡಿಯೂ ಈಗಿಲ್ಲ, ಅಪ್ಪನೂ.
ಮಾಂಜ್ರಾದಲ್ಲಿ ಇಲ್ಲ ಆ ಮೀನು, ಕಾರಂಜಾದಲ್ಲಿ ಇಲ್ಲ,
ಅವಳು ಕಂಡೇ ಇಲ್ಲ.
ಮೈತುಂಬ ಚುಕ್ಕಿ ಎಂದಷ್ಟೇ ಗೊತ್ತು,
ಅದಕ್ಕೇ ಅವಳ ಮನಸಿನ ಮೀನು
ಪಕ್ಕದ ಕಾರ್ಖಾನೆಯ ಬಿದ್ರಿ ಸುರಾಹಿ:
ಕೋಟೆಮಣ್ಣಲ್ಲಿ ತಿಕ್ಕಿ ಕಪ್ಪಾದ ಮೈ, ಬೆಳ್ಳಿಯ ಚುಕ್ಕಿ,
ಬಾಲ ಮಾತ್ರ ತಾನೇ ಸೇರಿಸಿಕೊಂಡಿದ್ದಾಳೆ.

ಕಟ್ಟಿದ್ದಕ್ಕೆ ಜೀವ ಬಂತೇ ಎಂದು ನೋಡುವುದು ಕಟೋರಿಯಲ್ಲಿ.
ನೀರಿಗಿಳಿಸಿ ದಾರವನ್ನು ಒಂದಿಷ್ಟು ಅಲುಗಿಸಿದರೆ
ಗರಿ ಮುಚ್ಚುತ್ತದೆ, ತೆರೆಯುತ್ತದೆ,
ನಿದ್ದೆಹೋದ ಕೂಸಿನ ಮೂಗಿನ ಹೊಳ್ಳೆಯಂತೆ;
ನಿಂಬೆಬಣ್ಣ ನೆನೆದು ಹಸಿರಿಗೆ ತಿರುಗುತ್ತದೆ.
ಇಲ್ಲದಿದ್ದರೆ
ಹಲ್ಲಲ್ಲಿ ಎಳೆ ಕಚ್ಚಿ, ಮತ್ತೆ ಮೊದಲಿಂದ.

ಮೊನ್ನೆ ಹೋದಾಗ ಎಡಗಣ್ಣಿಗೆ ಪೊರೆ ಬಂದಿತ್ತು.
ಸುತ್ತನ್ನು ಬೆರಳೇ ಎಣಿಸಿಕೊಳ್ಳುತ್ತಿತ್ತು.
ಗಾಳವೊಂದರ ಮೊನೆಯನ್ನು ಹೊಸ್ತಿಲ ಕಲ್ಲಿಗೆ
ಪೂರಾ ತೇಯ್ದುಹಾಕಿ
ನೌಬಾದಿನ ಸುರಂಗಬಾವಿಗೆ ನನ್ನನ್ನು ಕರೆದೊಯ್ದಳು.
ಕತ್ತಲಿಗೆ ದಾರ ಬಿಟ್ಟಳು, ಒಂದಾಳು, ಎರಡಾಳು, ನಾಲ್ಕಾಳು.
ಕೆಳಗೆ ನೀರು ಹರಿಯುವುದು ಕಾಣದು, ಕೇಳುತ್ತದೆ.

ಬಹಳ ಹೊತ್ತು. ನನಗೆ ಸೊಳ್ಳೆ.
ಆಮೇಲೆ ದಾರ, ಒಂದೇ ಸಲ,
ಮಗು ಸೆರಗು ಜಗ್ಗಿದಷ್ಟು.

"ಏನದು?"
"ಮುಟ್ಟಿ ನೋಡ್ತು. ಸಾಕ."
ದಾರವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಅಂದಳು:
"ಚುಕ್ಕಿ ಇದ್ವೇನ ಅಂತ ಮಾತ್ರ ಕೇಳಬ್ಯಾಡ."