ಹೆಚ್ಚುಕಮ್ಮಿ

ಕಮ್ಮನಹಳ್ಳಿ, ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು.
ಮುಲುಗೆಟ ಮೇಷ್ಟ್ರು ಬಾಗಿಲು ತೆಗೆದು
‘ಬನ್ನಿ, ಕಾಫಿ ಆಗಿದೆ’ ಅಂದರು.
ಹಾಲಿಲ್ಲದ ಕಾಫಿ. ಸಕ್ಕರೆಯ ಜಾಗದಲ್ಲಿ ಚಿಟಿಕೆ ಉಪ್ಪು.

ಮೂರು ಪಾಲಿಸಿ ಹರಡಿದೆ
ಸೀರೆ ಅಂಗಡಿಯವಳ ಹಾಗೆ:
ಇದರಲ್ಲಿ ಬಿ.ಪಿ.ಗೆ ಎರಡು ವರ್ಷ ಕಾಯಬೇಕು,
ಇದು ಅಡಿಸ್ ಅಬಾಬಾದಲ್ಲೂ ನಡೆಯುತ್ತೆ, ದುಬಾರಿ,
ಇದರಲ್ಲಿ… ಗಂಟಲು ಸರಿಮಾಡಿಕೊಂಡೆ.
‘ಇಲ್ಲೇನಾದರೂ ಹೆಚ್ಚುಕಮ್ಮಿಯಾದರೆ
ಊರಿಗೆ ಕಳಿಸುವ ಖರ್ಚು ಕಂಪನಿಯದೇ.’
‘ಏನನ್ನು?’
‘ನಿಮ್ಮನ್ನೇ, ಸಾರ್.’

ಎದ್ದು ಕಿಟಕಿಗೆ ಹೋದರು.
ಕೆಳಗೆ ಗಾಡಿಯವನು ಕಡಲೆಕಾಯಿ ಹುರಿಯುತ್ತಿದ್ದ,
ಬಾಣಲೆಯ ಅಂಚಿಗೆ ಟಣ್ ಟಣ್ ಬಡಿಯುತ್ತ.
‘ಅದಕ್ಕೆಷ್ಟು?’
‘ವರ್ಷಕ್ಕೆ ಎರಡು ಸಾವಿರದ ನಾನೂರು.’
‘ಹಲ್ಲಿಗೆ?’
‘ಹೆಚ್ಚುಕಮ್ಮಿ ಅಷ್ಟೇ.’
‘ಹಾಗಾದರೆ ಹಲ್ಲಿಗೆ ಹಾಕಿ.
ಕಡಲೆ ಇಲ್ಲೇ ಇದೆ.’

ಕೊನೆಯ ಪುಟ. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು?
ಪೆನ್ನು ಹಿಡಿದೇ ಕೂತರು ಬಹಳ ಹೊತ್ತು,
ಹನ್ನೊಂದು ವರ್ಷದ ಬಾಡಿಗೆ ಮನೆಯಲ್ಲಿ
ಯಾವ ಕೋಣೆಯಲ್ಲಿಟ್ಟೆ ಅಂತ ಹುಡುಕುವವರಂತೆ.
ಆಮೇಲೆ ನನ್ನ ನಂಬರ್ ಕೇಳಿದರು.

ಕಮಿಷನ್ನಿಗೆ ಬಂದವಳು ನಾನು.
ಒಂದೊಂದೇ ಅಂಕಿ ಹೇಳಿದೆ. ಬರೆದು, ಓದಿ ತೋರಿಸಿದರು.
ಒಂದು ತಪ್ಪಿತ್ತು.
ಸುಮ್ಮನಿರಬಹುದಿತ್ತು.
ತಿದ್ದಿದೆ.