ಮೂರು ಮಾರು ನೀರಿನಲ್ಲಿ ಒಂದು ಕಾರು

ಬೋಟು ಬಂದಾಗಿ ಇಪ್ಪತ್ತು ದಿನ.
ಬೈತಖೋಲದಲ್ಲಿ ಅದು ತಾಡಪತ್ರಿ ಹೊದ್ದು ಮಲಗಿದೆ.
ಬಲೆ ಹೊಲಿಯಲು ಕುಳಿತ ನಾನು
ಮೊಬೈಲಿನಲ್ಲಿ ಒಂದು ನೀಲಿ ಚುಕ್ಕೆ ನೋಡುತ್ತ
ಸೂಜಿಗೆ ದಾರ ತುಂಬುವುದನ್ನೇ ಮರೆತಿದ್ದೇನೆ.

ಚುಕ್ಕೆಯ ಹೆಸರು ಸಾನಿಕಾ.
ಹದಿನೆಂಟು ತುಂಬಿ ಮೂರು ತಿಂಗಳು.
ಲೈಸೆನ್ಸಿನ ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿದೆ,
ನಿಮ್ಮ ಹಾಗೇ, ಅನ್ನುತ್ತಾಳೆ ಮೋಹಿನಿ.
ದಿನಾ ಅಂಕೋಲೆಗೆ, ಕಾಲೇಜಿಗೆ,
ಎರಡು ಕೈ ದಾಟಿ ಬಂದ ಆಲ್ಟೋದಲ್ಲಿ.
ಅದರ ಎಡಗನ್ನಡಿಗೆ ಬಲೆಯ ದಾರ ಸುತ್ತಿದವನು ನಾನೇ.

ಚುಕ್ಕೆ ಕೊಟ್ಟವಳು ಅವಳೇ.
ಕೇಳಲಿಕ್ಕೆ ನಾನು ಬಾಯಿ ತೆರೆಯುವ ಮೊದಲೇ
ಊಟದ ತಾಟಿನ ಪಕ್ಕ ಮೊಬೈಲಿಟ್ಟು ಕರಾರು ಹೇಳಿದಳು:
ಚುಕ್ಕೆ ಓಡುತ್ತಿರುವಾಗ ಫೋನು ಮಾಡಬಾರದು.
ಮಾಡಿದರೂ ಎತ್ತುವುದಿಲ್ಲ, ಎತ್ತಬೇಡ ಅಂದದ್ದು ನೀನೇ.
ದಿಗಂಬರ ಮಾಮನಿಗೆ, ಮನೆಮಂದಿಯ ಗ್ರೂಪಿಗೆ,
ಯಾರಿಗೂ ಇದನ್ನು ಕಳಿಸಬಾರದು.
ಮುಟ್ಟಿದ ಮೇಲೆ ನಾನೇ ಹೇಳುತ್ತೇನೆ.
ಕೊನೆಗೆ, ಸಾರಿಗೆ ಸೌಟು ಹಾಕುತ್ತ:
ನಿನ್ನದೂ ಬೇಕು, ಪಪ್ಪಾ.

ಬಿಣಗಾ ಸುರಂಗದಲ್ಲಿ ಚುಕ್ಕೆ ನಿಲ್ಲುತ್ತದೆ.
ಗುಡ್ಡದ ಹೊಟ್ಟೆಯೊಳಗೆ ಸಿಗ್ನಲಿಲ್ಲ, ಗೊತ್ತು.
ಗೊತ್ತಿದ್ದೂ ಎಣಿಸುತ್ತೇನೆ,
ಇಪ್ಪತ್ತು, ಇಪ್ಪತ್ತೊಂದು…
ಆ ಬದಿಯಲ್ಲಿ ಹೊರಬರುತ್ತದೆ, ಏನೂ ಆಗದವರ ಹಾಗೆ.
ಅರ್ಗಾ. ಅಮದಳ್ಳಿ.

ಒಂದು ದಿನ ಅವರ್ಸಾ ದಾಟಿದ ಚುಕ್ಕೆ
ರಸ್ತೆ ಬಿಟ್ಟು ಸೀದಾ ಸಮುದ್ರಕ್ಕಿಳಿಯಿತು.
ಬೇಲೆಕೇರಿಯ ಎದುರು, ನೀಲಿಯ ಮೇಲೆ ನೀಲಿ.
ಮೋಹಿನಿ ಎದೆ ಹಿಡಿದುಕೊಂಡಳು.
ನನಗೆ ಆ ಜಾಗ ಗೊತ್ತು:
ಮೂರು ಮಾರು ನೀರು, ಕೆಳಗೆ ಕೆಸರು,
ತೆಂಕಣ ಗಾಳಿ ಬಿದ್ದರೆ ಸೆಟ್ಲಿ ಸಿಗುತ್ತದೆ.
ಅಲ್ಲಿ ಕಾರು ಇರಲಾರದು, ಅಂದೆ.
ಅಂದವನ ಹೆಬ್ಬೆರಳು ಅವಳ ನಂಬರಿನ ಮೇಲೇ ಇತ್ತು.
ಒತ್ತಲಿಲ್ಲ.
ಹೊರಗೆ ಮಳೆ ಒಂದು ಸುತ್ತು ಹೊಡೆದು ಹೋಯಿತು.
ಆಮೇಲೆ ಚುಕ್ಕೆ, ಒದ್ದೆಯೂ ಆಗದೆ,
ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದೆ ಎದ್ದಿತು.
‘ಮುಟ್ಟಿದೆ.’ ಒಂದೇ ಶಬ್ದ.
ಮೋಹಿನಿ ನನ್ನನ್ನೇ ಬೈದಳು, ಬೇರೆ ಯಾರೂ ಸಿಗದೆ.

ಬೈಯಲಿ. ಇಪ್ಪತ್ತು ವರ್ಷ
ಅವಳಿಗೆ ಚುಕ್ಕೆಯೇ ಇರಲಿಲ್ಲ.
ದೇವಗಡದ ದೀಪ ಇತ್ತು,
ಧಕ್ಕೆಯಲ್ಲಿ ಯಾರೋ ಅಂದ ಮಾತಿತ್ತು:
ನಿನ್ನ ಗಂಡನ ಬೋಟು ಮಲ್ಪೆ ಕಡೆ ಕಂಡಿತಂತೆ.
ಈಗ ಬೋಟಿನ ನೆತ್ತಿಯ ಮೇಲೂ ಒಂದು ಡಬ್ಬಿ;
ಯಾವುದೋ ಆಫೀಸಿನ ಪರದೆಯಲ್ಲಿ ನಾನೂ ಒಂದು ಚುಕ್ಕೆ.
ಅವರು ಊಟ ಬಿಟ್ಟು ನೋಡುತ್ತಾರೋ ಇಲ್ಲವೋ.

ನಿನ್ನೆ ಸಂಜೆ, ಮರಳುವಾಗ,
ಹಾರವಾಡದಲ್ಲಿ ಚುಕ್ಕೆ ನಿಂತಿತು.
ಹೆದ್ದಾರಿಯಲ್ಲಲ್ಲ, ಒಳಗೆ, ಕಡಲ ಬದಿ.
ಹತ್ತು ನಿಮಿಷ. ಪಂಕ್ಚರ್ ಇರಬೇಕು.
ಇಪ್ಪತ್ತು.
ನಿಂತ ಚುಕ್ಕೆಗೆ ಫೋನು ಮಾಡಲು ಕರಾರಿನ ಅಡ್ಡಿಯಿಲ್ಲ.
ಮಾಡಿದೆ. ಎತ್ತಿದಳು. ಹಿಂದೆ ತೆರೆಯ ಸದ್ದು,
ಯಾರೋ ನಗುತ್ತಿದ್ದವರು ಥಟ್ಟನೆ ನಿಲ್ಲಿಸಿದ್ದು.
ಕಾರು ಸರಿ ಇದೆಯಾ?
ಸರಿ ಇದೆ.
ನೀನು?
ನಾನೂ.
ಮುಂದಿನ ಪ್ರಶ್ನೆ ನಾಲಗೆಯ ತುದಿಗೆ ಬರುವಾಗ
ಕಿವಿಯಲ್ಲಿ ಹಳೆಯ ವಯರ್‌ಲೆಸ್ ಗರಗರ ಅಂದಿತು:

ಗಣಬಾ, ಎಲ್ಲಿದ್ದೀಯೋ, ಮೀನಿದೆಯಾ?
ಮೂವತ್ತು ವರ್ಷ ಕೇಳಿದ್ದಾರೆ ಉಳಿದ ತಾಂಡೇಲರು.
ಬಲೆಯ ತುಂಬ ಇಸ್ವಾಣ ಒದೆಯುತ್ತಿರುವಾಗ
ಮೂವತ್ತು ವರ್ಷ ನಾನು ಹೇಳಿದ್ದು:
ಏನೂ ಇಲ್ಲ ಮಾರಾಯ, ಬರೀ ಜೆಲ್ಲಿ.
ಎಲ್ಲರೂ ಹಾಗೇ. ಚುಕ್ಕಾಣಿ ಹಿಡಿದವನಿಗೆ
ಹೇಳದೆ ಇಟ್ಟುಕೊಳ್ಳಲಿಕ್ಕೆ ಒಂದು ಜಾಗ ಬೇಕು.
ಆದರೆ ಗಾಳಿ ಎದ್ದ ದಿನ, ಇಂಜಿನು ಕೈಕೊಟ್ಟ ದಿನ
ನಮ್ಮಲ್ಲಿ ಯಾರೂ ಜಾಗದ ಸುಳ್ಳು ಹೇಳಿದ್ದಿಲ್ಲ.

ಕತ್ತಲಾಗುವ ಮೊದಲು ಹೊರಡು, ಅಂದೆ,
ಲಾರಿಗಳು ಜಾಸ್ತಿ.
ಹೂಂ, ಅಂದಳು. ಆ ಹೂಂ ಸ್ವಲ್ಪ ಉದ್ದವಿತ್ತು.
ಚುಕ್ಕೆ ಮತ್ತೂ ಇಪ್ಪತ್ತು ನಿಮಿಷ ಅಲ್ಲೇ ಇತ್ತು.
ನಾನು ಮೊಬೈಲು ಬೋರಲು ಹಾಕಿ
ಬಲೆಯ ಹರಿದ ಕಣ್ಣುಗಳನ್ನು ಹೊಲಿಯತೊಡಗಿದೆ.
ಮೋಹಿನಿ ಮೀನಿನ ಬುಟ್ಟಿ ಇಳಿಸುತ್ತ ಕೇಳಿದಳು,
ಎಲ್ಲಿದ್ದಾಳೆ?
ದಾರಿಯಲ್ಲಿದ್ದಾಳೆ, ಅಂದೆ,
ವಯರ್‌ಲೆಸ್ಸಿನ ದನಿಯಲ್ಲಿ.